ಕಲಾಯಿ ಮೌಲಾಲಿ ಮತ್ತು ಭಾಂಡೆ ಗೋಡೆ

ಚಂದನಾತಾಯಿಯ ಹಳೆಯ ದಿನಚರಿಯಲ್ಲಿ ತಾರೀಖು ಸ್ಪಷ್ಟವಾಗಿದೆ: ಆಗಸ್ಟ್ ಹನ್ನೊಂದು, ಮಂಗಳವಾರ. ಇಸವಿ ಬರೆದಿದ್ದ ಮೂಲೆಯನ್ನು ಹುಳ ತಿಂದಿದೆ. ಅದರ ಕೆಳಗೆ ನೀಲಿ ಶಾಯಿಯಲ್ಲಿ ಎರಡೇ ಸಾಲು: "ಇಂದು ಸೊಸೆಯ ದನಿ ಹನ್ನೊಂದು ಸಲ ಕಡಿಯಿತು. ಮೌಲಾಲಿಗೆ ಹೇಳಿ ಕಳಿಸಬೇಕು."

ಇಸವಿಯೇ ಇಲ್ಲದ ಮೇಲೆ ಬಹಳ ಹಿಂದೆ ಅಂತಲೇ ಶುರು ಮಾಡಬೇಕು. ಬಹಳ ಹಿಂದೆ, ಕೊಪ್ಪರಿಗೆಹಾಳ ಅಂತ ಒಂದು ಊರು. ತಾಮ್ರ ಹಿತ್ತಾಳೆ ಬಡಿದು ಬದುಕಿದ ಊರು. ಇಂಟರ್ನೆಟ್ಟು ಗಾಜಿನ ಎಳೆಯಂಥ ತಂತಿಯೊಳಗೆ ಬಂದು, ಎರಡು ಕೊಂಬಿನ ಒಂದು ಬಿಳಿ ಪೆಟ್ಟಿಗೆಯಿಂದ ಮನೆಯೆಲ್ಲ ಹರಡುತ್ತಿದ್ದ ಕಾಲ. ಜನ ಕಚೇರಿಯನ್ನು ಮನೆಗೇ ತಂದುಕೊಂಡು, ಗೋಡೆಗೆ ಬೆನ್ನು ಕೊಟ್ಟು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ದುಡಿಯುತ್ತಿದ್ದ ಕಾಲ. ಆ ಊರಿನಲ್ಲಿ ಕಲಾಯಿ ಮೌಲಾಲಿ ಅಂತ ಒಬ್ಬನಿದ್ದ.

ಅವನು ಗೋಡೆಗೆ ಕಿವಿ ಹಚ್ಚಿದರೆ ಸಾಕು, ನೆಟ್ಟು ಎಲ್ಲಿ ನಿಂತಿದೆ ಅಂತ ಹೇಳುತ್ತಿದ್ದನಂತೆ. ಅವನು ಮನೆಯೊಳಗೆ ಕಾಲಿಟ್ಟರೆ ಪೆಟ್ಟಿಗೆಯ ಕೆಂಪು ದೀಪ ತಾನಾಗಿ ಹಸಿರಾಗುತ್ತಿತ್ತಂತೆ. ಒಮ್ಮೆ ಬತ್ತಿದ ಬಾವಿಯ ತಳದಲ್ಲಿ ನಿಂತು, ಮೇಲೆ ಕಟ್ಟೆಯ ಮೇಲೆ ಕುಳಿತವರಿಗೆ ಸಿನಿಮಾ ತೋರಿಸಿದನಂತೆ. ಅಂತಾರೆ. ದಿನಚರಿಯಲ್ಲಿ ಬಾವಿಯ ಮಾತಿಲ್ಲ. ಎಮ್ಮೆಯ ಮಾತು ಮಾತ್ರ ಇದೆ, ಆದ್ದರಿಂದ ಎಮ್ಮೆಯದು ನಿಜ.

ಎಮ್ಮೆಯದು ಹೀಗೆ. ಕೆಳಗಿನ ಓಣಿಯ ಒಂದು ಮನೆಯಲ್ಲಿ ನೆಟ್ಟು ದಿನಾ ತೆವಳುತ್ತಿತ್ತು. ಮೌಲಾಲಿ ಹೋದ, ಚಹಾ ಕೇಳಿದ, ಕುಡಿಯುತ್ತ ಕುಳಿತ. ಪೆಟ್ಟಿಗೆಯನ್ನು ಮುಟ್ಟಲೇ ಇಲ್ಲ. ಈ ಮನೆಯಲ್ಲಿ ಎಷ್ಟು ಬಾಯಿ ಕುಡಿಯುತ್ತವೆ ಅಂತ ಕೇಳಿದ. ಎರಡು ಫೋನು, ಒಂದು ಲ್ಯಾಪ್‌ಟಾಪು ಅಂದರು. ಇನ್ನೊಂದಿದೆ, ಹುಡುಕಿರಿ ಅಂದ. ಹುಡುಕಿದರೆ ದನದ ಕೊಟ್ಟಿಗೆಯಲ್ಲಿ ಹಳೆಯ ಟಿವಿ. ಮನೆಯ ಮುದುಕ ಎಮ್ಮೆ ಹಾಲು ಹೆಚ್ಚು ಕೊಡಲಿ ಅಂತ ಬೆಳಗಿನಿಂದ ಸಂಜೆಯ ತನಕ ಅದರಲ್ಲಿ ನೆಟ್ಟಿನ ಭಜನೆ ಹಚ್ಚಿಟ್ಟಿದ್ದ. ಮೌಲಾಲಿ ಎಮ್ಮೆಯ ಬೆನ್ನು ಸವರಿ, "ತಾಯಿ, ಕಚೇರಿ ಮುಗಿದ ಮ್ಯಾಲ ಕೇಳುವಂತಿ," ಅಂದು ಟಿವಿ ಆರಿಸಿದ. ಅವತ್ತಿನಿಂದ ಮನೆಯವರ ಕೆಲಸ ಓಡಿತು. ಎಮ್ಮೆ ಹಾಲು ಕಡಿಮೆ ಮಾಡಿತು ಅಂತ ಮುದುಕ ಸಾಯುವ ತನಕ ಗೊಣಗಿದ.

ಮೌಲಾಲಿ ಹುಟ್ಟಿದ್ದು ಕಲಾಯಿಯವರ ಮನೆಯಲ್ಲಿ. ಅಪ್ಪ ಊರಿನ ಪಾತ್ರೆಗಳಿಗೆಲ್ಲ ತವರ ಹಚ್ಚುತ್ತಿದ್ದ, ಮಗ ತಿದಿ ಒತ್ತುತ್ತಿದ್ದ. ಸ್ಟೀಲು ಬಂದು ಕಲಾಯಿಯ ಒಲೆ ಆರಿದ ಮೇಲೆ ಮೌಲಾಲಿ ತಾಲೂಕಿಗೆ ಹೋಗಿ ಕಂಬ ಹತ್ತಿ ಟಿವಿಯ ತಂತಿ ಎಳೆದ, ಆಮೇಲೆ ಈ ಗಾಜಿನ ತಂತಿ ಎಳೆದ, ಆಮೇಲೆ ಹೆಗಲಿಗೊಂದು ಚೀಲ ಹಾಕಿಕೊಂಡು ಊರಿಗೆ ಮರಳಿದ. ತಂತಿಯ ಗುಣ ತಾಲೂಕಿನಲ್ಲಿ ಕಲಿತೆ, ತಾಮ್ರದ ಗುಣ ಅಪ್ಪ ಕಲಿಸಿದ, ಎರಡೂ ಗೊತ್ತಿದ್ದವನು ಈ ಊರಿಗೆ ಬೇಕಾಗಿತ್ತು ಅಂತ ಹೇಳುತ್ತಿದ್ದ. ಜಂಬದಿಂದಲೇ ಹೇಳುತ್ತಿದ್ದ. ಆದರೆ ಸುಳ್ಳಲ್ಲ.

ಯಾಕೆ ಬೇಕಾಗಿತ್ತು ಅಂತ ತಿಳಿಯಬೇಕಾದರೆ ಆ ಊರಿನ ಭಾಂಡೆ ಗೋಡೆಯ ವಿಷಯ ತಿಳಿಯಬೇಕು. ಕೊಪ್ಪರಿಗೆಹಾಳದ ಪ್ರತಿ ಮನೆಯ ನಡುಮನೆಯಲ್ಲೂ ಒಂದು ಗೋಡೆ ಪಾತ್ರೆಗಳಿಗೇ ಮೀಸಲು. ನೆಲದಿಂದ ಜಂತೆಯ ತನಕ ಹಲಗೆಯ ಮೇಲೆ ಹಲಗೆ. ಕೊಡ, ಹಂಡೆ, ಬೋಗುಣಿ, ತಂಬಿಗೆ, ನಡುವೆ ಒಬ್ಬಾಳು ಒಳಗೆ ಕೂರುವಂಥ ಒಂದು ಕೊಪ್ಪರಿಗೆ. ಮನೆಗೆ ಬಂದ ಸೊಸೆಯಂದಿರು ತಂದದ್ದೆಲ್ಲ ಆ ಸಾಲಿಗೆ ಸೇರುತ್ತಿತ್ತು. ಕೊಪ್ಪರಿಗೆಯ ಹಿಂದೆ ಗೋಡೆಯಲ್ಲಿ ಒಂದು ಗೂಡು. ಹೊಸದು, ಬೆಲೆಯುಳ್ಳದ್ದು ಏನೇ ಬಂದರೂ ಅಲ್ಲಿಗೇ ಹೋಗಬೇಕು. ಬಂಗಾರ ಅಲ್ಲಿ, ಹೊಲದ ಕಾಗದ ಅಲ್ಲಿ. ಹಾಗಾಗಿ ಬಿಳಿ ಪೆಟ್ಟಿಗೆ ಬಂದಾಗಲೂ ಯಾರೂ ಎರಡನೆಯ ಮಾತು ಆಡಲಿಲ್ಲ. ಪೆಟ್ಟಿಗೆ ಕೂರಿಸಲು ಬಂದವನು ಬೇಡ ಬೇಡ ಅಂದನಂತೆ. ದೀಪಾವಳಿಯ ಮುಂಚಿನ ದಿನ, ಭಾಂಡೆಗಳೆಲ್ಲ ತೊಳೆಯಲು ಇಳಿದಿದ್ದಾಗ, ಅವನಿಂದ ಹೊರಗೋಡೆಗೆ ತೂತು ಹೊಡೆಸಿ, ಗೂಡಿನೊಳಗೇ ಮೊಳೆ ಹೊಡೆಸಿ ಪೆಟ್ಟಿಗೆಯನ್ನು ಬಿಗಿಸಿದರು. ಅರಿಶಿನ ಕುಂಕುಮ ಹಚ್ಚಿದರು. ಮರುದಿನ ಭಾಂಡೆ ಮತ್ತೆ ಏರಿದವು. ಊರಿಗೆ ಊರೇ ಹೀಗೆ ಮಾಡಿತು. ಆಮೇಲೆ ನೆಟ್ಟು ನಿಧಾನ ಅಂತ ಕಂಪನಿಯನ್ನು ಬೈಯಿತು, ಕಾಗೆಯನ್ನು ಬೈಯಿತು, ಮೋಡವನ್ನು ಬೈಯಿತು. ಒಬ್ಬಿಬ್ಬರು ಇನ್ನೊಂದು ಪೆಟ್ಟಿಗೆ ತರಿಸಿದರು. ಬೆಲೆಯುಳ್ಳದ್ದು ಅಂತ ಅದನ್ನೂ ಅಲ್ಲೇ ಇಟ್ಟರು.

ಇನ್ನೊಂದು ಮಾತು, ಇದನ್ನು ಮರೆಯಬೇಡಿ. ಭಾಂಡೆ ಗೋಡೆ ವರ್ಷಕ್ಕೆ ಒಂದೇ ಸಲ ಇಳಿಯುತ್ತಿತ್ತು, ದೀಪಾವಳಿಗೆ. ಅದು ಬಿಟ್ಟರೆ ಮನೆಯ ಹಿರಿಯ ಹೆಣ್ಣುಮಗಳು ಕಣ್ಣು ಮುಚ್ಚಿದ ದಿನ, ಕಡೆಯ ಸ್ನಾನದ ನೀರು ಕಾಯಿಸಲು. ತಾಮ್ರದ ಮೇಲೆ ತಾಮ್ರ ಬಿದ್ದ ಸಪ್ಪಳ ಅಂಗಳದಿಂದ ಎದ್ದರೆ, ಹೇಳಿಕೆ ಬೇಕಿರಲಿಲ್ಲ. ಊರು ಕೈಯಲ್ಲಿದ್ದುದನ್ನು ಬಿಟ್ಟು ಬರುತ್ತಿತ್ತು.

ಚಂದನಾತಾಯಿ ಪಾತ್ರೆ ಮಾರುವ ಬೋಗಾರರ ಮನೆಯ ಹಿರಿಯಳು. ಧಾರವಾಡದಲ್ಲಿ ಓದಿ ಬಿ.ಎ. ಮಾಡಿದವಳು, ಆ ಊರಿಗೆ ಬಂದ ಮೊದಲ ಪದವಿಯ ಸೊಸೆ. ಮನೆಯ ಪ್ರತಿ ಪಾತ್ರೆಯ ತೂಕ, ತಂದವಳ ಹೆಸರು, ಕಲಾಯಿ ಹಾಕಿಸಿದ ದಿನ ಎಲ್ಲವೂ ಅವಳ ದಿನಚರಿಯಲ್ಲಿತ್ತು. ಅವಳ ಸೊಸೆ ರತ್ನಮಾಲಾ. ಮಗ ಭರಮಣ್ಣ ಪಾತ್ರೆಯ ವ್ಯಾಪಾರಕ್ಕೆ ತಿಂಗಳುಗಟ್ಟಲೆ ಊರೂರು ತಿರುಗುವವನಾದ್ದರಿಂದ ಮನೆಯಲ್ಲಿ ಇರುತ್ತಿದ್ದುದು ಅವರಿಬ್ಬರೇ. ರತ್ನಮಾಲಾ ದೊಡ್ಡ ಆಸ್ಪತ್ರೆಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ವೈದ್ಯರು ಮರಾಠಿಯಲ್ಲೋ ಹಿಂದಿಯಲ್ಲೋ ಹೇಳಿದ್ದನ್ನು ದೂರದ ಹಳ್ಳಿಗಳ ರೋಗಿಗಳಿಗೆ ಕನ್ನಡದಲ್ಲಿ ಹೇಳುವುದು, ಅವರು ಹೇಳಿದ್ದನ್ನು ವೈದ್ಯರಿಗೆ ಮುಟ್ಟಿಸುವುದು. ಅವಳ ಬಂಡವಾಳ ಅವಳ ದನಿ. ಆ ದನಿ ಕೊಪ್ಪರಿಗೆಯ ಹಿಂದಿನ ಪೆಟ್ಟಿಗೆಯಿಂದ ಹೊರಗೆ ಬರಬೇಕಾಗಿತ್ತು.

ಅವಳು ಮಾಡದ ಪ್ರಯತ್ನವಿಲ್ಲ. ಮಾಳಿಗೆಯ ಮೇಲೆ ಛತ್ರಿ ಹಿಡಿದು ಕುಳಿತಳು. ಫೋನಿನ ಸಿಗ್ನಲ್ಲು ಊರಲ್ಲಿ ಒಂದೇ ಕಡೆ ಸಿಗುತ್ತಿತ್ತು, ಹಿಟ್ಟಿನ ಗಿರಣಿಯ ಮೆಟ್ಟಿಲ ಮೇಲೆ. ಅಲ್ಲಿ ಕುಳಿತರೆ ವೈದ್ಯರು, ನಿಮ್ಮ ಹಿಂದೆ ಏನು ಲಾರಿ ಓಡುತ್ತಿದೆಯೇ ಅಂತ ಕೇಳಿದರು. ಮನೆಗೆ ಮರಳಿ ಬಂದು ಕುಳಿತಳು. ಆಗಸ್ಟ್ ಹನ್ನೊಂದರಂದು ಹನ್ನೊಂದನೆಯ ಸಲ ದನಿ ಕಡಿದಾಗ ಆಚೆ ಕಡೆ ಒಬ್ಬ ಮುದುಕಿ ಇದ್ದಳು. ಗುಳಿಗೆ ಊಟಕ್ಕೆ ಮುಂಚೆಯೋ ಆಮೇಲೆಯೋ ಅಂತ ಕೇಳಿದ್ದಳು. ರತ್ನಮಾಲಾ ಹೇಳಿದಳು. ಮುದುಕಿಗೆ ಕೇಳಿಸಿದ್ದು "ಊಟಕ್ಕ" ಅನ್ನುವಷ್ಟೇ. ಮತ್ತೆ ಕರೆ ಮುಟ್ಟಿಸುವ ಹೊತ್ತಿಗೆ ಮುದುಕಿ ತನಗೆ ತೋಚಿದಂತೆ ನುಂಗಿ, ತಲೆ ತಿರುಗಿ ಮಲಗಿದ್ದಳು. ಪುಣ್ಯಕ್ಕೆ ಹೆಚ್ಚೇನೂ ಆಗಲಿಲ್ಲ. ಆದರೆ ಆಸ್ಪತ್ರೆಯವರು ಪತ್ರ ಕಳಿಸಿದರು. ಬರುವ ಸೋಮವಾರ ಒಂದು ಗಂಟೆ ಪರೀಕ್ಷೆ. ಒಂದು ಸಲ ಕಡಿದರೂ ಆ ಕೆಲಸ ಬೇರೆಯವರಿಗೆ.

ಗುರುವಾರ ಬೆಳಿಗ್ಗೆ ಮೌಲಾಲಿ ಬಂದ. ಬಂದವನು ವಾಡಿಕೆಯಂತೆ ಚಹಾ ಕೇಳಿದ.

"ಮದಲ ಕೆಲಸ, ಆಮ್ಯಾಲ ಚಹಾ," ಅಂದಳು ಚಂದನಾತಾಯಿ.

"ತಾಯಿ, ನಮ್ಮಪ್ಪ ನಿಮ್ಮನಿಗೆ ಬಂದಾಗ ಹಿಂಗ ಅಂತಿದ್ರಿ?"

"ನಿಮ್ಮಪ್ಪ ಚಹಾ ಕುಡೀತಿದ್ದಿಲ್ಲ, ಬೆಲ್ಲ ತಿಂತಿದ್ದ. ಬರದಿಟ್ಟೀನಿ. ತೋರಿಸ್ಲೇನು?"

ಅವನು ನಕ್ಕು, ಬೆಲ್ಲವನ್ನೇ ತಿಂದು ಕೆಲಸಕ್ಕೆ ಇಳಿದ. ಮನೆಯಲ್ಲಿ ಎಷ್ಟು ಬಾಯಿ ಅಂತ ಕೇಳಿದ. ಒಂದು ಲ್ಯಾಪ್‌ಟಾಪು, ಎರಡು ಫೋನು, ಎಮ್ಮೆ ಇಲ್ಲ. ಆಮೇಲೆ ಒಂದು ಉದ್ದನೆಯ ವೈರು ತೆಗೆದು, ಪಾತ್ರೆಗಳ ಸಂದಿಯಲ್ಲಿ ಬೆರಳು ತೂರಿಸಿ, ಪೆಟ್ಟಿಗೆಯ ಬಾಯಿಗೆ ಒಂದು ತುದಿ ಸಿಗಿಸಿ, ಇನ್ನೊಂದು ತುದಿಯನ್ನು ಲ್ಯಾಪ್‌ಟಾಪಿಗೆ ಕೊಟ್ಟ. ಎರಡು ನಿಮಿಷ ನೆಟ್ಟು ಓಡಿದ ಓಟ ನೋಡಿ ರತ್ನಮಾಲಾಳಿಗೆ ಕಣ್ಣು ತುಂಬಿದವು. ಮೂರನೆಯ ನಿಮಿಷಕ್ಕೆ ನಿಂತಿತು. ಬಾಯೊಳಗಿನ ಕೊಂಡಿಯೊಂದು ಮುರಿದಿತ್ತು, ಕೈ ಬಿಟ್ಟರೆ ವೈರು ಜಾರುತ್ತಿತ್ತು.

"ಹೊರಗಿಂದ ಬರೂದು ಸರಿ ಬರಾಕತ್ತೈತಿ," ಅಂದ ಮೌಲಾಲಿ. "ಕಂಪನಿ ಬಯ್ಯೂದು ಬಿಡ್ರಿ. ತಪ್ಪು ಮನಿ ಒಳಗ ಐತಿ."

"ನಮ್ಮ ಮನ್ಯಾಗ ಏನ ತಪ್ಪೈತಿ?" ಅಂದಳು ಚಂದನಾತಾಯಿ. ದನಿ ಏರಿತ್ತು.

ಮೌಲಾಲಿ ಎದ್ದ. ಮೂಲೆಯಲ್ಲಿದ್ದ ನೀರಿನ ಹಂಡೆಯನ್ನು ಬರಿದು ಮಾಡಿಸಿದ. ಪೆಟ್ಟಿಗೆಯ ಮಗ್ಗುಲಿಗೇ ನಿಂತು, ನೆಟ್ಟಿನ ಮೇಲೆಯೇ ಚಂದನಾತಾಯಿಯ ಫೋನಿಗೆ ಕರೆ ಮಾಡಿ, ತನ್ನ ಫೋನನ್ನು ಹಂಡೆಯೊಳಗೆ ಇಟ್ಟು, ಹಂಡೆಯ ಬಾಯಿಗೆ ಮುಖ ಕೊಟ್ಟು ಅಪ್ಪನ ಕಾಲದ ಕಲಾಯಿ ಕೂಗು ಕೂಗಿದ. "ಕಲಾಯಿ, ಭಾಂಡೆ ಕಲಾಯಿ..." ತಾಯಿಯ ಫೋನಿನಲ್ಲಿ ಕೂಗು ಕೇಳಿತು. ಹಾಗೆಯೇ ಕೂಗುತ್ತ ತಾಮ್ರದ ಮುಚ್ಚಳ ಎಳೆದ. ಕೂಗು ನಡುವೆಯೇ ಕಡಿಯಿತು. ಮುಚ್ಚಳ ತೆಗೆದ, ಮತ್ತೆ ಬಂತು. ಮುಚ್ಚಿದ, ಕಡಿಯಿತು. ಆಗ ಚಂದನಾತಾಯಿ ಹಂಡೆಯನ್ನು ನೋಡಿದಳು, ಆಮೇಲೆ ತಲೆ ಎತ್ತಿ ಗೋಡೆಯನ್ನು ನೋಡಿದಳು, ನಾಲ್ಕು ತಲೆಮಾರಿನ ಸೊಸೆಯಂದಿರು ತಂದು ಕೂಡಿಸಿದ ತಾಮ್ರದ ಗೋಡೆಯನ್ನು.

ಪೆಟ್ಟಿಗೆ ನಡುಮನೆಯ ತೊಲೆಗೆ ಬರಬೇಕು ಅಂದ ಮೌಲಾಲಿ. ಮನೆಯ ನಟ್ಟನಡುವೆ, ಎತ್ತರದಲ್ಲಿ, ಸುತ್ತ ಏನೂ ಇಲ್ಲದ ಕಡೆ. ಅಲ್ಲಿಂದ ಸೊಸೆಯ ಕೋಣೆಗೆ ಒಂದು ವೈರನ್ನೂ ಎಳೆದರೆ ಗಾಳಿಯ ಹಂಗೂ ಬೇಡ. ಆದರೆ ಗಾಜಿನ ಎಳೆ ಬಗ್ಗಿಸಿದರೆ ಮುರಿಯುತ್ತದೆ, ಸಂದಿಯಿಂದ ಎಳೆಯಲಾಗದು. ಎರಡು ಕೈ, ಒಂದು ಮೈ ಗೂಡಿನ ಎದುರು ನಿಲ್ಲಬೇಕು. ಊರಿನವನು, ಆ ಗೋಡೆಯ ಕಟ್ಟಳೆ ಅವನಿಗೆ ಗೊತ್ತಿತ್ತು. ಕಡೆಗೆ ನೆಲ ನೋಡುತ್ತ ಕೇಳಿದ:

"ಹಬ್ಬದ ತನಕ ಕಾಯ್ತೀರೇನ್ರಿ?"

"ಬ್ಯಾಡ ಬಿಡ್ರಿ ಕಾಕಾ," ಅಂದಳು ರತ್ನಮಾಲಾ. "ಕೆಲಸ ಇನ್ನೊಂದ ಸಿಗತೈತಿ. ಅತ್ತಿ ಇರೂವಾಗ ಭಾಂಡೆ ಇಳಿಸಿದ್ರ ಊರು ನನ್ನ ಏನಂತೈತಿ?"

ಹಬ್ಬದ ತನಕ ಅನ್ನುವ ಮಾತನ್ನು ಚಂದನಾತಾಯಿ ಬೇರೊಂದು ಬಾಯಿಂದ ಕೇಳಿದ್ದಳು. ಅವಳಿಗೂ ಒಂದು ಕಾಲದಲ್ಲಿ ಹೆಣ್ಣುಮಕ್ಕಳ ಶಾಲೆಯಿಂದ ನೇಮಕದ ಪತ್ರ ಬಂದಿತ್ತು. ಹಬ್ಬ ಮುಗಿಯಲಿ, ಭಾಂಡೆ ತೊಳೆಯುವುದಿದೆ ಅಂದಿದ್ದಳು ಅವಳ ಅತ್ತೆ. ಕೆಟ್ಟವಳಲ್ಲ, ನಗುತ್ತಲೇ ಅಂದಿದ್ದಳು. ಹಬ್ಬ ಮುಗಿಯಿತು, ಮರುವರ್ಷದ್ದೂ ಮುಗಿಯಿತು. ಆ ಪತ್ರ ಇದೇ ಗೂಡಿನೊಳಗೆ, ಬಂಗಾರದ ಜೊತೆ, ಬೆಲೆಯುಳ್ಳದ್ದು ಅಂತ ಇಟ್ಟದ್ದು, ಪ್ರತಿ ದೀಪಾವಳಿಗೆ ಧೂಳು ಒರೆಸಿಕೊಂಡು ಮರಳಿ ಒಳಗೆ ಹೋಗುತ್ತಿತ್ತು.

ಶುಕ್ರವಾರ, ಶನಿವಾರ ದಿನಚರಿ ಖಾಲಿ ಇದೆ. ಅರವತ್ತು ವರ್ಷದಲ್ಲಿ ಖಾಲಿ ಇರುವುದು ಆ ಎರಡೇ ಪುಟ. ರವಿವಾರ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಮೌಲಾಲಿಯನ್ನು ಕರೆಸಿ, ಸೆರಗು ಸಿಕ್ಕಿಸಿ ಭಾಂಡೆ ಗೋಡೆಯ ಮುಂದೆ ನಿಂತಳು.

"ಹಬ್ಬದ ತನಕ ಕಾಯೂದ ನಾ ಕಾದು ನೋಡೀನಿ," ಅಂದಳು. "ನನ್ನ ಸೊಸಿಗೆ ಅದನ್ನ ಕಲಿಸಂಗಿಲ್ಲ. ಇಳಸ್ರಿ."

ಮೊದಲ ಕೊಡವನ್ನು ತಾನೇ ಇಳಿಸಿದಳು. ತನ್ನ ತವರಿನಿಂದ ಬಂದ ಕೊಡ. ಆಮೇಲೆ ಮೌಲಾಲಿ, ರತ್ನಮಾಲಾ, ಪಕ್ಕದ ಮನೆಯ ಇಬ್ಬರು ಆಳುಗಳು. ಅಂಗಳದಲ್ಲಿ ತಾಮ್ರದ ಮೇಲೆ ತಾಮ್ರ ಬಿತ್ತು. ಕೊಪ್ಪರಿಗೆ ಇಳಿದಾಗ ಆದ ಸಪ್ಪಳ ಮೂರು ಹರದಾರಿ ಕೇಳಿತಂತೆ, ಕೆರೆಯ ಕೊಕ್ಕರೆಗಳೆಲ್ಲ ಒಮ್ಮೆಗೇ ಎದ್ದವಂತೆ. ಅಂತಾರೆ.

ಊರು ಬಂತು. ಕೆಲಸದ ನಡುವೆ ಎದ್ದು, ಒಲೆ ಆರಿಸಿ, ಸೆರಗು ಬಾಯಿಗೆ ಒತ್ತಿಕೊಂಡು ಬಂತು. ಒಬ್ಬ ಮಾಲೆ ತಂದ. ಚಟ್ಟಕ್ಕೆ ಬಿದಿರು ಕೊಡುವವನು ಉದ್ದ ಅಳೆಯಲು ಹಗ್ಗ ತಂದ. ಎದುರು ಮನೆಯ ಸತ್ಯವ್ವ, ಚಂದನಾತಾಯಿಯ ಐವತ್ತು ವರ್ಷದ ಗೆಳತಿ, ಓಣಿಯ ತುದಿಯಿಂದಲೇ ಹಾಡಿಕೊಂಡು ಅಳುತ್ತ ಬಂದಳು. ಬಂದವಳು ಕಟ್ಟೆಯ ಮೇಲೆ ದಿನಚರಿ ಹಿಡಿದು, ಇಳಿದ ಪಾತ್ರೆಗಳನ್ನು ಒಂದೊಂದಾಗಿ ಗುರುತು ಹಾಕುತ್ತಿದ್ದ ಚಂದನಾತಾಯಿಯನ್ನು ಕಂಡು ನಿಂತುಬಿಟ್ಟಳು.

"ನೀ ಇಲ್ಲೇ ಕುಂತೀಯಲ್ಲ?"

"ಮತ್ತೆಲ್ಲಿ ಕುಂಡ್ರಲಿ?"

"ಭಾಂಡೆ ಸಪ್ಪಳ ಕೇಳಿತು."

"ಸೊಸಿ ದನಿ ಹಾಯಲಿಕ್ಕೆ ಜಾಗಾ ಮಾಡಾಕತ್ತೀವಿ. ಕುಂಡ್ರು, ಚಹಾ ಕುಡಿ."

"ಓಣಿ ತುಂಬ ಅತ್ತ ಬಂದೀನಿ. ಆ ಅಳು ಏನ ಮಾಡ್ಲಿ ಈಗ?"

"ಇಟ್ಟಿರು. ಮುಂದ ಬೇಕಾಗತೈತಿ."

ಮೊದಲು ನಕ್ಕವಳು ಸತ್ಯವ್ವನೇ. ಆಮೇಲೆ ಅಂಗಳವೆಲ್ಲ ನಕ್ಕಿತು. ಕೆಲವರು ನಗಲಿಲ್ಲ, ಬದುಕಿರುವಾಗ ಭಾಂಡೆ ಇಳಿಸಿದವಳು ಹಬ್ಬ ಕಾಣುವುದಿಲ್ಲ ಅಂತ ಗೊಣಗುತ್ತ ಹೋದರು. ಮುನ್ನೂರು ಜನ ಬಂದಿದ್ದರು ಅಂತಾರೆ. ದಿನಚರಿಯಲ್ಲಿ ಅರವತ್ಮೂರು ಅಂತ ಇದೆ, ಚಹಾದ ಬಟ್ಟಲಿನ ಲೆಕ್ಕದಿಂದ.

ಒಳಗೆ ಮೌಲಾಲಿ ಇದ್ಯಾವುದನ್ನೂ ನೋಡಲಿಲ್ಲ. ಬರಿದಾದ ಗೋಡೆಯ ಎದುರು ಮೊಣಕಾಲೂರಿ, ಗೂಡಿನೊಳಗಿನಿಂದ ನೇಮಕದ ಪತ್ರವನ್ನು ಮೊದಲು ತೆಗೆದು, ಚಂದನಾತಾಯಿಯನ್ನು ಕರೆದು ಅವಳ ಕೈಗೆ ಕೊಟ್ಟು, ಆಮೇಲೆ ಗಾಜಿನ ಎಳೆಯನ್ನು ಹೂವಿನ ದಾರದಂತೆ ಬೆರಳ ಮೇಲೆ ತೆಗೆದುಕೊಂಡ. ತೊಲೆಗೆ ಒಂದು ಗೂಟ ಹೊಡೆದ. ಪೆಟ್ಟಿಗೆಯನ್ನು ಗೂಟಕ್ಕೆ ತೂಗಿಸಿದ. ಮುರಿದ ಕೊಂಡಿಯ ಜಾಗದಲ್ಲಿ ತವರದ ಒಂದು ಹನಿ ಹಾಕಿ ಬೇರೆ ಕೊಂಡಿ ಕೂರಿಸಿದ. ಅದು ಅಪ್ಪನ ತವರವಂತೆ. ಅಲ್ಲಿಂದ ಗೋಡೆಯ ಅಂಚಿಗುಂಟ ರತ್ನಮಾಲಾಳ ಕೋಣೆಗೆ ವೈರು ಎಳೆದ. ಕೆಲಸ ಮುಗಿಸಿ, ಕೊಪ್ಪರಿಗೆಯೊಳಗೆ ಇಣುಕಿ, ಒಳಗೆ ಕಲಾಯಿ ಸವೆದಿದೆ, ಹಬ್ಬಕ್ಕೆ ನಾನೇ ಹಾಕುತ್ತೇನೆ, ನನ್ನ ಕೂಲಿ ಅದೇ ಅಂದ.

ಸೋಮವಾರ ಹತ್ತು ಗಂಟೆಗೆ ಪರೀಕ್ಷೆ. ರತ್ನಮಾಲಾ ಕೋಣೆಯಲ್ಲಿ, ಚಂದನಾತಾಯಿ ಬಾಗಿಲಲ್ಲಿ, ಕೈಯಲ್ಲಿ ಕಾಗದ, ಪೆನ್ಸಿಲು. ದನಿ ಕಡಿದಾಗಲೊಮ್ಮೆ ಒಂದು ಗೆರೆ ಎಳೆಯಬೇಕು ಅಂತ. ಆಚೆಯಿಂದ ಪರೀಕ್ಷಕರು ಎದೆನೋವಿನ ರೋಗಿಯಾದರು, ಬಸುರಿಯಾದರು, ಕಿವಿ ಕೇಳದ ಮುದುಕನಾದರು. ಕಡೆಗೆ ಗುಳಿಗೆ ಕೇಳುವ ಮುದುಕಿಯಾದರು. ಊಟಕ್ಕೆ ಮುಂಚೆಯೋ, ಆಮೇಲೆಯೋ? ಓಣಿಯಲ್ಲಿ ಜನ ಉಸಿರು ಹಿಡಿದು ನಿಂತಿದ್ದರು. "ಊಟಕ್ಕ ಅರ್ಧಾ ತಾಸು ಮುಂಚೆ, ಅಜ್ಜಿ," ಅಂದಳು ರತ್ನಮಾಲಾ. ಇಡೀ ಮಾತು ಹೋಯಿತು. ಇಡೀ ಮಾತು ಅತ್ತ ಮುಟ್ಟಿತು. ಆ ದನಿ ಎಷ್ಟು ತಿಳಿಯಾಗಿತ್ತೆಂದರೆ ಆಚೆ ಕಡೆಯವರು ನೀವು ಪಕ್ಕದ ಕೋಣೆಯಲ್ಲಿದ್ದೀರಾ ಅಂತ ಎದ್ದು ನೋಡಿದರಂತೆ. ಅದು ಅಂತಾರೆ. ದಿನಚರಿಗೆ ಅಂಟಿಸಿದ ಆ ಕಾಗದ ಈಗಲೂ ಇದೆ. ಅದರ ಮೇಲೆ ಒಂದೂ ಗೆರೆ ಇಲ್ಲ.

ಹಬ್ಬವೂ ಬಂತು. ಚಂದನಾತಾಯಿ ಹಬ್ಬ ಕಂಡಳು, ಆಮೇಲೆ ಇನ್ನೂ ಎಷ್ಟೋ ಹಬ್ಬ ಕಂಡಳು. ಅದನ್ನು ನೋಡಿದ ಮೇಲೆ ಊರಿಗೆ ಧೈರ್ಯ ಬಂತು. ಒಂದೊಂದು ಮನೆಯ ಭಾಂಡೆ ಗೋಡೆಯೂ ಇಳಿಯಿತು, ಒಂದೊಂದು ತೊಲೆಗೂ ಮೌಲಾಲಿ ಗೂಟ ಹೊಡೆದ. ಬಟ್ಟೆ ಹೊದಿಸಬೇಡಿ, ಪಕ್ಕದಲ್ಲಿ ತಾಮ್ರ ಇಡಬೇಡಿ, ದೊಡ್ಡ ಕೆಲಸವಿದ್ದಾಗ ವೈರಿಗೆ ಹಚ್ಚಿರಿ, ಬೇಡದ ಬಾಯಿ ಮುಚ್ಚಿಸಿರಿ: ಇಷ್ಟನ್ನೇ ಮನೆಮನೆಗೆ ಹೇಳಿದ. ಊರಿನ ಸೊಸೆಯಂದಿರು, ಹೆಣ್ಣುಮಕ್ಕಳು ಇಪ್ಪತ್ತು ಬಗೆಯ ಕೆಲಸ ಹಿಡಿದರು. ವಾರಕ್ಕೊಂದು ದಿನ ಎಲ್ಲೋ ಒಂದು ಕಡೆ ಭಾಂಡೆ ಇಳಿಯುವ ಸಪ್ಪಳ ಏಳುತ್ತಿತ್ತು. ಯಾರದೋ ಪೆಟ್ಟಿಗೆ ಜಾಗ ಬದಲಿಸುತ್ತಿದೆ ಅಂದುಕೊಂಡು ಜನ ಕೆಲಸಕ್ಕೆ ಮರಳುತ್ತಿದ್ದರು.

ಹಾಗೆ ಎಷ್ಟೋ ವರ್ಷವಾದ ಮೇಲೆ, ಒಂದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ, ಕೆರೆಯ ಕಡೆಯ ಓಣಿಯಲ್ಲಿ ತಾಮ್ರದ ಸಪ್ಪಳವಾಯಿತು. ದೊಡ್ಡದಲ್ಲ. ಅಲ್ಲಿ ಇದ್ದದ್ದು ಎರಡು ಕೊಡ, ಒಂದು ಹಂಡೆ. ಹಿರಿಯ ಹೆಣ್ಣುಮಗಳಿಗೆ ಮಾತ್ರ ಇದ್ದ ಆ ಕಟ್ಟಳೆಯನ್ನು ಮೌಲಾಲಿಯ ಹೆಂಡತಿ ಹಾಜರಬಿ ಗಂಡನಿಗಾಗಿ ಮಾಡಿದ್ದಳು. ಊರು ತಿಳಿಯಲಿ ಅಂತ ಮೂರನ್ನೂ ಅಂಗಳಕ್ಕೆ ಹಾಕಿದ್ದಳು. ಊರು ಕೇಳಿತು. ಊರೆಲ್ಲ ಮೀಟಿಂಗಿನಲ್ಲಿತ್ತು. ಯಾರದೋ ಪೆಟ್ಟಿಗೆ ಅಂದುಕೊಂಡಿತು. ಅವನು ಹೊಡೆದ ಗೂಟಗಳಿಂದ ನೆಟ್ಟು ಎಲ್ಲ ಮನೆಯಲ್ಲೂ ಒಂದು ಸಲವೂ ಕಡಿಯದೆ ಹರಿಯಿತು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಮೌಲಾಲಿಯನ್ನು ಮಣ್ಣಿಗೆ ಕೊಟ್ಟಾಗಿತ್ತು.

ಅಂದಿನಿಂದ ಇವತ್ತಿಗೂ ಕೊಪ್ಪರಿಗೆಹಾಳದಲ್ಲಿ ತಾಮ್ರದ ಸಪ್ಪಳ ಕೇಳಿದರೆ, ಎಂಥ ಮೀಟಿಂಗಿನಲ್ಲಿದ್ದವರೂ "ಒಂದು ನಿಮಿಷ" ಅಂದು ಎದ್ದು, ಬಾಗಿಲಿಗೆ ಬಂದು, ಯಾರ ಮನೆಯಲ್ಲಿ ಅಂತ ಕೇಳಿ, ತಿಳಿದುಕೊಂಡೇ ಮರಳಿ ಕೂರುತ್ತಾರೆ. ದೂರದ ಕಚೇರಿಗಳವರಿಗೂ ಇದು ರೂಢಿಯಾಗಿದೆ, ಕಾಯುತ್ತಾರೆ. ಪೆಟ್ಟಿಗೆ ತೂಗುವ ಗೂಟಕ್ಕೆ ಆ ಊರಿನಲ್ಲಿ ಮೌಲಾಲಿ ಗೂಟ ಅಂತಲೇ ಹೆಸರು. ವರ್ಷಕ್ಕೊಮ್ಮೆ ಅದರ ತಲೆಗೆ ಒಂದು ಹನಿ ತವರ ಹಾಕುತ್ತಾರೆ.

ಚಂದನಾತಾಯಿಯ ದಿನಚರಿಯಲ್ಲಿ ಆ ಕೆಲಸಕ್ಕೆ ತಗುಲಿದ್ದೆಲ್ಲ ಒಂದೇ ಪುಟದಲ್ಲಿದೆ, ಬೇರೆ ಬೇರೆ ವರ್ಷದ ಶಾಯಿಯಲ್ಲಿ: "ಜಾಲಿಯ ಗೂಟ ಒಂದು. ವೈರು ಇಪ್ಪತ್ತೆರಡು ಮೊಳ. ಚಹಾ ಅರವತ್ಮೂರು ಬಟ್ಟಲು, ಬೆಲ್ಲ ಒಂದು ಅಚ್ಚು. ಕೊಪ್ಪರಿಗೆಯ ಅಂಚಿಗೆ ಒಂದು ತಗ್ಗು, ಸರಿಪಡಿಸಿಲ್ಲ. ಮೌಲಾಲಿಯ ಮಣ್ಣಿಗೆ ಊರಿಂದ ಹೋದವರು ಹನ್ನೊಂದು ಜನ. ಸಪ್ಪಳ ನನಗೂ ಕೇಳಿತ್ತು. ಹಾಜರಬಿಯ ಮನೆಗೆ ನಾನು ಹೋದದ್ದು ಮರುದಿನ."